ಪರಿಸರ ಸಾಧನೆಯ ಅಳತೆ
ಉತ್ಪಾದನೆಯ ಪ್ರತಿ ಘಟಕಕ್ಕೆ ಎಷ್ಟು ನೀರು, ಇಂಧನ ಖರ್ಚಾಯಿತು, ಎಷ್ಟು ಹೊಗೆ, ಕೊಳಚೆ, ತ್ಯಾಜ್ಯ ಹೊರಬಿತ್ತು ಎಂಬ ಲೆಕ್ಕ. ಉದ್ಯಮಗಳನ್ನು ಬಣ್ಣಗಳಲ್ಲಿ ವಿಂಗಡಿಸಿದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2016ರ ಮಾಲಿನ್ಯ ಸೂಚ್ಯಂಕದಲ್ಲಿ 60 ಮತ್ತು ಅದಕ್ಕೆ ಮೇಲ್ಪಟ್ಟ ಅಂಕ ಕೆಂಪು, 41–59 ಕಿತ್ತಳೆ, 21–40 ಹಸಿರು, 20ರವರೆಗೆ ಬಿಳಿ ಎಂದಿತ್ತು. ಅದರಲ್ಲಿ ಸೌರ ವಿದ್ಯುತ್ ಬಿಳಿ ವರ್ಗದಲ್ಲಿತ್ತು. ತುಮಕೂರು ಜಿಲ್ಲೆಯ ಪಾವಗಡ ಸೌರ ಪಾರ್ಕ್ ಇದಕ್ಕೆ ಒಳ್ಳೆಯ ಉದಾಹರಣೆ: ತಿರುಮಣಿ ಸುತ್ತಮುತ್ತ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ, 2,050 ಮೆಗಾವಾಟ್ ಸಾಮರ್ಥ್ಯ. ಆದರೆ ಬಣ್ಣದ ಅಂಕವೊಂದೇ ಸಾಲದು. ಬರದ ಸೀಮೆಯಲ್ಲಿ ಫಲಕ ತೊಳೆಯುವ ನೀರು, ಕುರಿ ಮೇಯುತ್ತಿದ್ದ ಬಯಲು ಕೂಡ ಲೆಕ್ಕಕ್ಕೆ ಬರಬೇಕು. ಹಾಳಾದ ಫಲಕಗಳು 2022ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಸೇರಿವೆ.