ಗೋಡೆ ತೆಳುವಾದಾಗ ಗೂಡು ಎಲ್ಲಿಗೆ ಹೋಯಿತು?

ನಿಮ್ಮ ಮಲಗುವ ಕೋಣೆಯ ಗೋಡೆ ಎಷ್ಟು ದಪ್ಪವಿದೆ ಎಂದು ಎಂದಾದರೂ ಅಳೆದಿದ್ದೀರಾ? ಬಾಗಿಲ ಬಳಿ ನಿಂತು ಒಂದು ಸ್ಕೇಲು ಹಿಡಿದರೆ ತಿಳಿಯುತ್ತದೆ. ಇಟ್ಟಿಗೆಯ ಮನೆಯಾದರೆ ಹೊರಗೋಡೆ ಸಾಮಾನ್ಯವಾಗಿ 9 ಇಂಚು, ಕೋಣೆಗಳ ನಡುವಿನ ಅಡ್ಡಗೋಡೆ ನಾಲ್ಕೂವರೆ ಇಂಚು. ಮುಂದಿನ ಸಲ ಊರಿಗೆ ಹೋದಾಗ ಅಲ್ಲಿ ಮಣ್ಣುಗೋಡೆಯ ಹಳೆಯ ಮನೆ ಇನ್ನೂ ನಿಂತಿದ್ದರೆ ಅದನ್ನೂ ಅಳೆಯಿರಿ. ಒಂದೂವರೆ ಅಡಿ ಇರಬಹುದು, ಎರಡು ಅಡಿಯೂ ಇರಬಹುದು. ಬಟ್ಟೆಬರೆ ಇಡಲು ಜಾಗವೇ ಸಾಲದು ಎಂದು ನಾವು ದಿನವೂ ಹೇಳುವ ದೂರಿನ ಅರ್ಧ ಚರಿತ್ರೆ ಈ ಎರಡು ಅಳತೆಗಳ ನಡುವೆ ಇದೆ.

ದಪ್ಪ ಗೋಡೆ ಎಬ್ಬಿಸುವವರು ಅದರಲ್ಲಿಯೇ ಗೂಡುಗಳನ್ನು ಬಿಡುತ್ತಿದ್ದರು. ದೀಪಕ್ಕೊಂದು ಪುಟ್ಟ ಗೂಡು, ಪುಸ್ತಕ ಪಂಚಾಂಗಗಳಿಗೊಂದು, ಬಟ್ಟೆಗೆ ಕೊಂಚ ದೊಡ್ಡದು. ಅದಕ್ಕೆ ಬೇರೆ ಖರ್ಚಿರಲಿಲ್ಲ; ಗೂಡು ಬಿಟ್ಟಷ್ಟು ಮಣ್ಣು ಉಳಿಯಿತು ಎಂದೇ ಲೆಕ್ಕ. ಗೋಡೆಯ ಮೇಲುಭಾಗದಲ್ಲಿ ಹಲಗೆ ಹಾಯಿಸಿ ನಾಗಂದಿಗೆ ಮಾಡುತ್ತಿದ್ದರು. ಅಂಗಿ, ಪೇಟ, ಚೀಲ ನೇತುಹಾಕಲು ಗಿಳಿಗೂಟಗಳಿದ್ದವು. ತೊಲೆಯಿಂದ ಹಗ್ಗ ಇಳಿಬಿಟ್ಟು ಬಿದಿರಿನ ಗಳ ಕಟ್ಟುತ್ತಿದ್ದರು. ಮಡಿಬಟ್ಟೆಯನ್ನು ಅದರ ಮೇಲೆ ಹರವಲು ಮಡಿಕೋಲು ಇರುತ್ತಿತ್ತು. ಇಂದಿನ ವಾರ್ಡ್‌ರೋಬಿನ ಬಾಗಿಲು ತೆರೆದರೆ ಕಾಣುವ ಮೂರು ಅಂಗಗಳು, ಅಂದರೆ ಹಲಗೆ, ಕೊಕ್ಕೆ ಮತ್ತು ಬಟ್ಟೆ ತೂಗುವ ಸರಳು, ಮೂರೂ ಆ ಮನೆಯಲ್ಲಿದ್ದವು. ಬೆಲೆಬಾಳುವ ಸೀರೆ ಮತ್ತು ಒಡವೆ ಮಾತ್ರ ಬೀಗ ಹಾಕಿದ ಸಂದೂಕವನ್ನು ಸೇರುತ್ತಿದ್ದವು.

ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಹೇಳುವುದು ನನ್ನ ಉದ್ದೇಶವಲ್ಲ. ಗೂಡಿಗೆ ಗೆದ್ದಲು ಹತ್ತುತ್ತಿತ್ತು, ಇಲಿಯೂ ಬರುತ್ತಿತ್ತು. ಎರಡು ಜೊತೆ ಬಟ್ಟೆಯಷ್ಟೇ ಇದ್ದವರಿಗೆ ಆ ಗೂಡು ಸಾಕಾಗಿತ್ತು ಎಂಬುದನ್ನೂ ಮರೆಯಬಾರದು. ಆದರೆ ಒಂದು ಮಾತು ನಿಜ. ಸಾಮಾನು ಇಡುವ ಜಾಗ ಆಗ ಮನೆಯ ಒಂದು ಭಾಗವಾಗಿತ್ತು, ಅಂಗಡಿಯಿಂದ ಹೊತ್ತು ತರುವ ವಸ್ತುವಾಗಿರಲಿಲ್ಲ.

ನಮ್ಮ ಪದಗಳೇ ಇದಕ್ಕೆ ಸಾಕ್ಷಿ. ಗೂಡು, ಅಟ್ಟ ಇವು ಗೋಡೆ ಮಾಡುಗಳಿಗೆ ಅಂಟಿಕೊಂಡ ಕನ್ನಡದ ಮಾತುಗಳು. ಅಲಮಾರು ಹಾಗಲ್ಲ. ಅದು ಪೋರ್ಚುಗೀಸರ 'ಅರ್ಮಾರಿಯು' ಎಂಬ ಪದದಿಂದ ಬಂದದ್ದು. ಅದರ ಹಿಂದೆ ಲ್ಯಾಟಿನ್ನಿನ 'ಅರ್ಮಾರಿಯಂ' ಇದೆ. ಆಯುಧ, ಸಲಕರಣೆಗಳನ್ನು ಇಡುವ ಪೆಟ್ಟಿಗೆ ಎಂದು ಅರ್ಥ. ನಾವು ಬೀರು ಎನ್ನುವುದು ಫ್ರೆಂಚರ 'ಬ್ಯೂರೋ'. ಇಂಗ್ಲಿಷಿನ ಕಪ್‌ಬೋರ್ಡ್ ಮೊದಲು ಬಟ್ಟಲುಗಳನ್ನು ಸಾಲಾಗಿ ಇಡುವ ಬರಿಯ ಹಲಗೆಯಾಗಿತ್ತು; ಕ್ಲೋಸೆಟ್ ಎಂದರೆ ಒಬ್ಬರೇ ಕುಳಿತುಕೊಳ್ಳುವ ಪುಟ್ಟ ಖಾಸಗಿ ಕೋಣೆಯಾಗಿತ್ತು. ಗೋಡೆಯನ್ನು ಬಿಟ್ಟು ತನ್ನ ಕಾಲ ಮೇಲೆ ನಿಂತ ಗೂಡು ನಮಗೆ ಹೊಸದಾದ್ದರಿಂದ ಅದರ ಹೆಸರೂ ಹೊರಗಿನಿಂದಲೇ ಬಂತು.

ಈ ಹೊಸ ವಸ್ತು ಮನೆಮನೆಗೂ ಅನಿವಾರ್ಯವಾದದ್ದು ಗೋಡೆ ತೆಳುವಾದ ಮೇಲೆ. ಸುಟ್ಟ ಇಟ್ಟಿಗೆ ಮತ್ತು ಸಿಮೆಂಟು ಬಂದವು. ಕಾಂಕ್ರೀಟಿನ ಕಂಬ ತೊಲೆಗಳು ಭಾರ ಹೊರುವ ಕೆಲಸವನ್ನು ವಹಿಸಿಕೊಂಡ ಮೇಲೆ ಗೋಡೆ ಬರಿಯ ಮರೆಯಾಯಿತು. ನಗರದಲ್ಲಿ ನೆಲದ ಬೆಲೆ ಏರಿದಂತೆ ಎರಡು ಅಡಿ ಗೋಡೆಗೆ ಜಾಗ ಕೊಡುವವರು ಯಾರು? ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಗೂಡು ಕೊರೆದರೆ ಪಕ್ಕದ ಕೋಣೆ ಕಾಣಿಸುತ್ತದೆ. ಇದೇ ಕಾಲಘಟ್ಟದಲ್ಲಿ, 1897ರಲ್ಲಿ ಬೀಗದ ತಯಾರಿಕೆಯಿಂದ ಆರಂಭವಾಗಿದ್ದ ಮುಂಬೈಯ ಗೋದ್ರೇಜ್ ಸಂಸ್ಥೆ 1923ರಲ್ಲಿ ಉಕ್ಕಿನ ಅಲಮಾರು ತಯಾರಿಸತೊಡಗಿತು. ಗೆದ್ದಲು ತಿನ್ನದ, ಇಲಿ ಕಡಿಯದ, ಬೀಗ ಮುರಿಯದ ಆ ಪೆಟ್ಟಿಗೆ ಮುಂದೆ ಮದುವೆಯ ಉಡುಗೊರೆಯಾಗಿ, ಮನೆಯ ಅಂತಸ್ತಿನ ಗುರುತಾಗಿ ನಿಂತಿತು.

ಸ್ವಂತ ಮನೆ ಕಟ್ಟಿಸಿದವರು ಇನ್ನೊಂದು ದಾರಿ ಕಂಡುಕೊಂಡರು. ಗೋಡೆಯಿಂದ ಗೋಡೆಗೆ ಕಡಪ ಕಲ್ಲನ್ನೋ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲನ್ನೋ ಹಾಯಿಸಿ ಅರೆ ಮಾಡಿಸಿದರು. ನೀರು ತಾಗಿದರೂ ಕೆಡದ, ಗೆದ್ದಲಿಗೆ ಬಗ್ಗದ, ಅಗ್ಗದ ಉಪಾಯ ಅದು. ಬಾಡಿಗೆ ಮನೆಯವರಿಗೆ ಮಾತ್ರ ಎರಡೂ ಎಟುಕಲಿಲ್ಲ. ಅವರ ಬಟ್ಟೆ ಮಂಚದ ಕೆಳಗಿನ ಟ್ರಂಕಿನಲ್ಲಿ, ಕುರ್ಚಿಯ ಬೆನ್ನಿನ ಮೇಲೆ, ಬಾಗಿಲ ಹಿಂದಿನ ಮೊಳೆಯಲ್ಲಿ ಉಳಿಯಿತು.

ಹಾಗಾದರೆ ತೆಳು ಗೋಡೆಯ ಮನೆಯಲ್ಲಿ, ಕಡಿಮೆ ಹಣದಲ್ಲಿ, ನೀವೇ ಗೂಡು ಕಟ್ಟಲು ಸಾಧ್ಯವೇ? ಸಾಧ್ಯ. ಅದನ್ನು ಸಾಧ್ಯವಾಗಿಸಿದ್ದು ಮೂರು ಸಣ್ಣ ಸಂಗತಿಗಳು: ಒಂದು ಬೆಣೆ, ಒಂದು ಹಲಗೆ, ಒಂದು ಲೆಕ್ಕ.

ಮೊದಲು ಬೆಣೆಯ ಕಥೆ. ಇಟ್ಟಿಗೆಗೆ ನೇರವಾಗಿ ತಿರುಪುಮೊಳೆ ಹಾಕಿದರೆ ಅದು ನಿಲ್ಲುವುದಿಲ್ಲ. ಹಿಂದೆ ಉಳಿಯಿಂದ ಗೋಡೆ ಒಡೆದು, ಮರದ ತುಂಡನ್ನು ಹೂತು, ಅದಕ್ಕೆ ಮೊಳೆ ಹೊಡೆಯುತ್ತಿದ್ದರು. 1911ರ ಸುಮಾರಿಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಗೋಡೆ ಕೆಡದಂತೆ ವಿದ್ಯುತ್ ಸಲಕರಣೆ ಜೋಡಿಸುವ ಕೆಲಸ ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಗುತ್ತಿಗೆದಾರನಿಗೆ ಬಂತು. ಅವನು ಸೆಣಬಿನ ನಾರನ್ನು ಅಂಟಿನಿಂದ ಬಿಗಿದು ಸಣ್ಣ ಕೊಳವೆಯಂತಹ ಬೆಣೆ ಮಾಡಿದ. ಪುಟ್ಟ ರಂಧ್ರದಲ್ಲಿ ಅದನ್ನಿಟ್ಟು ತಿರುಪು ಹಾಕಿದರೆ ಅದು ಹಿಗ್ಗಿ ಗೋಡೆಯನ್ನು ಒಳಗಿನಿಂದ ಒತ್ತಿ ಹಿಡಿಯುತ್ತಿತ್ತು. ನಮ್ಮ ಹಾರ್ಡ್‌ವೇರ್ ಅಂಗಡಿಯ 'ರಾಲ್ ಪ್ಲಗ್' ಎಂಬ ಮಾತು ಅವನ ಹೆಸರಿನಿಂದಲೇ ಬಂದದ್ದು. 1958ರಲ್ಲಿ ಜರ್ಮನಿಯ ಆರ್ಟುರ್ ಫಿಶರ್ ಅದನ್ನೇ ನೈಲಾನಿನಲ್ಲಿ ಮಾಡಿದ. ತೆಳುವಾದ ಗೋಡೆ ಹೀಗೆ ಮತ್ತೆ ಭಾರ ಹೊರಲು ಕಲಿಯಿತು.

ಎರಡನೆಯದು ಹಲಗೆ. ಮರ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆದರೆ ಎಳೆಯ ಅಡ್ಡಕ್ಕೆ ಹೆಚ್ಚು, ಉದ್ದಕ್ಕೆ ತೀರಾ ಕಡಿಮೆ. ತೆಳು ಪದರಗಳನ್ನು ಒಂದರ ಎಳೆಗೆ ಇನ್ನೊಂದು ಅಡ್ಡವಾಗುವಂತೆ ಅಂಟಿಸಿದರೆ ಪ್ರತಿ ಪದರವೂ ಪಕ್ಕದ್ದನ್ನು ಹದ್ದಿನಲ್ಲಿಡುತ್ತದೆ. ಇದೇ ಪ್ಲೈವುಡ್. ಇದರ ಸಂಶೋಧನೆಗೆಂದೇ 1962ರಲ್ಲಿ ನಮ್ಮ ಬೆಂಗಳೂರಿನಲ್ಲಿ ಒಂದು ಸಂಸ್ಥೆ ಸ್ಥಾಪನೆಯಾಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕಾಡಿನ ಮರ ಕಡಿಯುವುದಕ್ಕೆ ಬಿಗಿ ಕಟ್ಟುಪಾಡು ವಿಧಿಸಿದ ಮೇಲೆ ಈ ಉದ್ಯಮ ರೈತರು ಬೆಳೆಸಿದ ಮರಗಳತ್ತ ಹೆಚ್ಚು ಹೆಚ್ಚಾಗಿ ತಿರುಗಿತು. ಕೊಡಗು, ಚಿಕ್ಕಮಗಳೂರುಗಳ ಕಾಫಿ ಗಿಡಕ್ಕೆ ನೆರಳು ಕೊಡುವ ಸಿಲ್ವರ್ ಓಕ್ ಕೂಡ ಪ್ಲೈವುಡ್ ಆಗುತ್ತದೆ. ಕೊಳ್ಳುವಾಗ ಹಲಗೆಯ ಮೇಲೆ ಐಎಸ್ 303 ಎಂಬ ಗುರುತು ನೋಡಿ. ಅದು ಸಾಮಾನ್ಯ ಬಳಕೆಯ ಪ್ಲೈವುಡ್ಡಿನ ಭಾರತೀಯ ಮಾನಕ. ಮಲಗುವ ಕೋಣೆಗೆ ಅದು ಸಾಕು. ಹೆಚ್ಚು ಬೆಲೆಯ ಮೆರೀನ್ ಪ್ಲೈವುಡ್ ಬೇಕಾಗುವುದು ನೀರು ಬೀಳುವ ಕಡೆ.

ಮೂರನೆಯದು ಲೆಕ್ಕ. ಗೃಹಬಂಧನದಲ್ಲಿದ್ದ ಗೆಲಿಲಿಯೋ ಬರೆದು 1638ರಲ್ಲಿ ಲೈಡನ್ನಿನಲ್ಲಿ ಅಚ್ಚಾದ ಗ್ರಂಥದಲ್ಲಿ ಒಂದು ಪ್ರಶ್ನೆಯಿದೆ: ಅದೇ ಪಟ್ಟಿ ಅಗಲವಾಗಿ ಮಲಗಿಸಿದಾಗ ಬೇಗ ಮುರಿಯುತ್ತದೆ, ಅಂಚಿನ ಮೇಲೆ ನಿಲ್ಲಿಸಿದಾಗ ಹೆಚ್ಚು ಭಾರ ಹೊರುತ್ತದೆ, ಏಕೆ? 18ನೆಯ ಶತಮಾನದಲ್ಲಿ ಡೇನಿಯಲ್ ಬರ್ನೌಲಿ ಮತ್ತು ಲಿಯೊನಾರ್ಡ್ ಆಯ್ಲರ್ ತೊಲೆ ಬಾಗುವ ಗಣಿತವನ್ನು ಬೆಳೆಸಿದರು. ಅದರ ಸಾರವನ್ನು ಬಟ್ಟೆಯ ಹಲಗೆಗೆ ಹೀಗೆ ಹೇಳಬಹುದು. ಪ್ರತಿ ಅಡಿಗೂ ಒಂದೇ ಭಾರವಿದ್ದಾಗ, ಆಧಾರಗಳ ನಡುವಿನ ಅಂತರ ನಾಲ್ಕು ಅಡಿಯಿಂದ ಎರಡು ಅಡಿಗೆ ಇಳಿದರೆ ಹಲಗೆಯ ಬಾಗು ಅರ್ಧವಾಗುವುದಿಲ್ಲ, ಹದಿನಾರನೆಯ ಒಂದು ಭಾಗವಾಗುತ್ತದೆ. ದಪ್ಪವನ್ನು 12 ಮಿಲಿಮೀಟರಿನಿಂದ 18ಕ್ಕೆ ಏರಿಸಿದರೆ ಬಾಗು ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಆದ್ದರಿಂದ ದುಬಾರಿ ಮರ ಹುಡುಕುವ ಮೊದಲು ಆಧಾರವನ್ನು ಹತ್ತಿರ ತನ್ನಿ. ಎರಡೂವರೆ ಅಡಿಗಿಂತ ಹೆಚ್ಚು ಅಂತರ ಬಿಡಬೇಡಿ. ಹಲಗೆಯ ಮುಂದಿನ ಅಂಚಿನ ಕೆಳಗೆ ಎರಡು ಇಂಚು ಎತ್ತರದ ಪಟ್ಟಿಯೊಂದನ್ನು ನಿಲ್ಲಿಸಿ ಅಂಟು, ತಿರುಪು ಹಾಕಿ. ಗೆಲಿಲಿಯೋ ಕೇಳಿದ ಪ್ರಶ್ನೆಯ ಉತ್ತರ ಆ ಪಟ್ಟಿಯಲ್ಲಿದೆ.

ಇನ್ನು ಕೆಲಸಕ್ಕೆ ಕೈ ಹಾಕಿ. ಮೊದಲು ಅಳೆಯಬೇಕಾದದ್ದು ಗೋಡೆಯನ್ನಲ್ಲ, ನಿಮ್ಮ ಬಟ್ಟೆಯನ್ನು. ಮಡಿಸಿದ ಬಟ್ಟೆಗೆ 14ರಿಂದ 16 ಇಂಚು ಆಳ ಸಾಕು. ಹ್ಯಾಂಗರಿನಲ್ಲಿ ತೂಗಲು 22 ಇಂಚಾದರೂ ಬೇಕು. ಅಂಗಿಗಳಿಗೆ ಸರಳಿನ ಕೆಳಗೆ 40 ಇಂಚು ಬಿಟ್ಟರೆ ಸಾಕಾಗುವುದರಿಂದ, ಒಂದರ ಮೇಲೊಂದು ಎರಡು ಸರಳು ಹಾಕಬಹುದು. ಪ್ಲೈವುಡ್ 8 ಅಡಿ ಉದ್ದ, 4 ಅಡಿ ಅಗಲದ ಹಾಳೆಯಾಗಿ ಬರುತ್ತದೆ. ಅದನ್ನು ಉದ್ದಕ್ಕೆ ಮೂರಾಗಿ ಸೀಳಿದರೆ ಗರಗಸ ತಿಂದದ್ದನ್ನು ಬಿಟ್ಟು ಹೆಚ್ಚುಕಡಿಮೆ 16 ಇಂಚು ಅಗಲದ, ಒಟ್ಟು 24 ಅಡಿ ಉದ್ದದ ಅರೆ ಒಂದೇ ಹಾಳೆಯಲ್ಲಿ ಸಿಗುತ್ತದೆ. ಅಂಗಡಿಯಲ್ಲಿಯೇ ಕೊಯ್ಯಿಸಿಕೊಂಡರೆ ಮನೆಯಲ್ಲಿ ನಿಮಗೆ ಉಳಿಯುವುದು ರಂಧ್ರ ಕೊರೆಯುವುದು ಮತ್ತು ತಿರುಪು ಬಿಗಿಯುವುದು ಮಾತ್ರ. ಕೋಣೆಯ ಮೂಲೆಯನ್ನೋ ಎರಡು ಗೋಡೆಗಳ ನಡುವಿನ ಸಂದನ್ನೋ ಆರಿಸಿ, ಹಿಂದೆಯೂ ಪಕ್ಕಕ್ಕೂ ಮರದ ಪಟ್ಟಿ ಬಿಗಿದು ಅದರ ಮೇಲೆ ಹಲಗೆ ಕೂರಿಸಿ. ಎರಡನೆಯ ಪಕ್ಕಕ್ಕೆ ಗೋಡೆ ಇಲ್ಲದ ಕಡೆ ನಿಲುಹಲಗೆಯೊಂದನ್ನು ಕೊಡಿ. ಗೋಡೆಯೇ ಬೆನ್ನು, ಗೋಡೆಯೇ ಪಕ್ಕ. ಅಷ್ಟರ ಮಟ್ಟಿಗೆ ಮರದ ಹಣ ಉಳಿಯಿತು. ಅಲಮಾರಿನ ಖರ್ಚಿನಲ್ಲಿ ದೊಡ್ಡ ಪಾಲು ನುಂಗುವುದು ಬಾಗಿಲು, ಕೀಲು ಮತ್ತು ಮೇಲಿನ ಹೊಳಪಿನ ಹಾಳೆ. ಗೋಡೆಯ ಗೂಡಿಗೆ ಬಾಗಿಲಿರಲಿಲ್ಲ ಎಂಬುದನ್ನು ನೆನೆದು ಒಂದು ಹತ್ತಿಸೀರೆಯ ಪರದೆ ಇಳಿಬಿಡಿ.

ಎರಡು ಎಚ್ಚರಿಕೆ. ಸ್ವಿಚ್ಚಿನ ನೇರ ಮೇಲೆ ಅಥವಾ ಕೆಳಗೆ ರಂಧ್ರ ಕೊರೆಯಬೇಡಿ. ಗೋಡೆಯೊಳಗೆ ತಂತಿ ಹೋಗಿರುತ್ತದೆ. ಬಚ್ಚಲಿಗೆ ತಾಗಿದ ಗೋಡೆಯಲ್ಲಿ ನೀರಿನ ಕೊಳಾಯಿ ಇರಬಹುದು. ಮಲೆನಾಡು, ಕರಾವಳಿಗಳ ಓದುಗರು ಹಲಗೆಗೂ ಗೋಡೆಗೂ ನಡುವೆ ಅರ್ಧ ಇಂಚು ಗಾಳಿಗೆ ಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಆಷಾಢದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ.

ಬಾಡಿಗೆ ಮನೆಯವರಿಗೆ ಬೇರೆ ದಾರಿ ಇದೆ. ಲಂಡನ್ನಿನಲ್ಲಿ ಮುದ್ರಣಾಲಯ ನಡೆಸುತ್ತಿದ್ದ, ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಇಂಜಿನಿಯರ್ ಡಿಮೆಟ್ರಿಯಸ್ ಕೊಮಿನೊಗೆ ಅಗತ್ಯ ಬದಲಾದಾಗಲೆಲ್ಲ ಮರದ ಅರೆಗಳನ್ನು ಒಡೆದು ಬಿಸಾಡುವುದು ಬೇಸರ ತಂದಿತ್ತು. ಉದ್ದಕ್ಕೂ ರಂಧ್ರಗಳಿರುವ ಉಕ್ಕಿನ ಕೋನಪಟ್ಟಿಯನ್ನು ಅವನು ರೂಪಿಸಿ 1947ರಲ್ಲಿ ಡೆಕ್ಸಿಯನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ. ನಮ್ಮ ಔಷಧಿ ಅಂಗಡಿ, ಗ್ರಂಥಾಲಯ, ಕಚೇರಿಗಳ ಕಡತದ ಕೋಣೆಗಳಲ್ಲಿ ಕಾಣುವ ರ‍್ಯಾಕುಗಳು ಅದೇ ವಂಶದವು. ನಟ್ಟು ಬಿಚ್ಚಿದರೆ ಮುಂದಿನ ಮನೆಗೆ ಹೊರಟಿತು.

ಆದರೆ ನೆಲದ ಮೇಲೆ ನಿಲ್ಲುವ ಯಾವುದನ್ನೇ ಆಗಲಿ ಗೋಡೆಗೆ ಕಟ್ಟದೆ ಬಿಡಬಾರದು. 2016ರಲ್ಲಿ ಐಕಿಯಾ ಕಂಪನಿ ಅಮೆರಿಕದಲ್ಲಿ ಸುಮಾರು 2.9 ಕೋಟಿ ಡ್ರಾಯರ್ ಪೆಟ್ಟಿಗೆಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಗೋಡೆಗೆ ಬಿಗಿಯದ ಪೆಟ್ಟಿಗೆಗಳು ಮಗುಚಿ ಮಕ್ಕಳು ಸತ್ತಿದ್ದರು. ಮಗು ತೆರೆದ ಡ್ರಾಯರನ್ನು ಮೆಟ್ಟಿಲೆಂದೇ ತಿಳಿಯುತ್ತದೆ. ಅಂಗಡಿಯದಾಗಲಿ ನೀವೇ ಮಾಡಿದ್ದಾಗಲಿ, ಮೇಲ್ಭಾಗದಲ್ಲಿ ಎರಡು ಕಡೆ ಗೋಡೆಗೆ ಬಿಗಿಯಿರಿ. ಬಾಡಿಗೆ ಮನೆಯ ಗೋಡೆಗೆ ಎರಡು ರಂಧ್ರ ಬಿದ್ದರೆ ಮಾಲೀಕರನ್ನು ಒಪ್ಪಿಸಬಹುದು.

ನಾನು ಸ್ಟುಡಿಯೋದಲ್ಲಿ ದಿನ ಕಳೆಯುವವನು. ಅಲ್ಲಿ ನಾವು ಹಾಕುವ ಸೆಟ್ಟಿನ ಗೋಡೆ ಕ್ಯಾಮೆರಾಕ್ಕೆ ಗೋಡೆ, ಒರಗಿದರೆ ಹಲಗೆ. ಅದರ ಮೇಲಿನ ಅರೆ ಹೊರುವುದು ನಾಲ್ಕು ಹೂದಾನಿಗಳನ್ನಷ್ಟೇ. ಮನೆಯಲ್ಲಿ ಈ ಲೆಕ್ಕ ತಿರುಗುಮುರುಗಾಗಬೇಕು: ನೋಟ ಹೇಗಾದರೂ ಇರಲಿ, ಭಾರ ತಡೆಯಬೇಕು. 1974ರಲ್ಲಿ ಮಿಲಾನಿನ ವಿನ್ಯಾಸಕಾರ ಎಂಜೊ ಮಾರಿ 'ಆಟೋಪ್ರೊಜೆತ್ತಾಸಿಯೋನೆ' ಎಂಬ ಹೆಸರಿನಲ್ಲಿ, ಬರಿಯ ಹಲಗೆ ಮತ್ತು ಮೊಳೆಯಿಂದ ಯಾರಾದರೂ ಮಾಡಬಹುದಾದ ಮೇಜು, ಮಂಚ, ಕಪಾಟುಗಳ ನಕ್ಷೆಗಳನ್ನು ಪ್ರಕಟಿಸಿ, ಅಂಚೆವೆಚ್ಚ ಕಳಿಸಿದವರಿಗೆಲ್ಲ ಹಂಚಿದ. ಹಣ ಉಳಿಸುವುದಷ್ಟೇ ಅವನ ಗುರಿಯಾಗಿರಲಿಲ್ಲ. ಒಮ್ಮೆ ಸ್ವಂತ ಕೈಯಿಂದ ಮಾಡಿದವನಿಗೆ ಅಂಗಡಿಯಲ್ಲಿ ಯಾವುದು ಗಟ್ಟಿ, ಯಾವುದು ಬರಿಯ ಥಳಕು ಎಂದು ಗೊತ್ತಾಗುತ್ತದೆ ಎಂಬುದು ಅವನ ವಿಚಾರವಾಗಿತ್ತು.

ನಮ್ಮ ಮನೆಗಳಿಗೆ ನಾನು ಇನ್ನೊಂದು ಮಾತು ಸೇರಿಸುತ್ತೇನೆ. ಕೊಂಡು ತಂದ ಅಲಮಾರಿಗೆ ಒಂದೇ ಬೀಗದಕೈ ಗೊಂಚಲು, ಅದಕ್ಕೆ ಒಬ್ಬರೇ ಒಡೆಯರು. ಮಕ್ಕಳ ಬಟ್ಟೆ ಅವರ ಕೈಗೆ ಎಟುಕದ ಕಡೆ, ಅಜ್ಜಿಯ ಸೀರೆ ಅವರು ಬಗ್ಗಲಾಗದ ಕೆಳಗಿನ ಖಾನೆಯಲ್ಲಿ ಇರುತ್ತವೆ. ಪ್ರತಿ ದಿನ ಒಂದು ಸೀರೆಗಾಗಿ ಇನ್ನೊಬ್ಬರನ್ನು ಕೂಗಬೇಕಾದ ಸಂಕಟ ಕೂಗಿದವರಿಗೇ ಗೊತ್ತು. ಹಲಗೆಯ ಎತ್ತರ ನಿರ್ಧರಿಸುವವರು ನೀವೇ ಆದಾಗ ಇದು ಬದಲಾಗಬಹುದು. ಪೆನ್ಸಿಲ್ ಹಿಡಿದು ಗೋಡೆಯ ಮೇಲೆ ಗುರುತು ಹಾಕುವ ಮೊದಲು ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಅಲ್ಲಿ ನಿಲ್ಲಿಸಿ. ಅಜ್ಜಿಯ ಮೊಣಕಾಲಿಗಿಂತ ಮೇಲೆ, ಭುಜಕ್ಕಿಂತ ಕೆಳಗೆ ಒಂದು ಗೆರೆ ಎಳೆಯಿರಿ. ಆರು ವರ್ಷದ ಮಗುವಿನ ಕಣ್ಣಿನ ಮಟ್ಟಕ್ಕೆ ಇನ್ನೊಂದು. ಹಲಗೆಗಳು ಎಲ್ಲಿ ಕೂರಬೇಕೆಂಬುದು ಆ ಗೆರೆಗಳಿಂದಲೇ ತೀರ್ಮಾನವಾಗಲಿ.