ಮನೆಕಂದಾಯವೂ ಮಕ್ಕಳ ಶಾಲೆಯೂ

ಬೆಂಗಳೂರಿನಲ್ಲಿ ಮನೆ ಹುಡುಕುವ ಗೃಹಸ್ಥನು ಕೇಳುವ ಪ್ರಶ್ನೆಗಳು ಓದುಗರಿಗೆ ತಿಳಿಯದವೇನಲ್ಲ. ನೀರು ದಿನವೂ ಬರುತ್ತದೆಯೋ, ದಿನ ಬಿಟ್ಟು ದಿನವೋ? ಬಸ್ಸು ಹತ್ತಿರವೆ? ಬಾಗಿಲು ಯಾವ ದಿಕ್ಕಿಗೆ? ಕೆಲವು ವರ್ಷಗಳ ಹಿಂದೆ ನನ್ನ ಅಣ್ಣನ ಮಗಳು ಅಮೆರಿಕದ ಟೆಕ್ಸಾಸಿನಲ್ಲಿ ಮನೆ ಕೊಳ್ಳಹೊರಟಾಗ ನಾನೂ ಅಭ್ಯಾಸಬಲದಿಂದ ಅಡಿಗೆಮನೆ ಹೇಗಿದೆಯೆಂದು ಕೇಳಿದೆ. “ಚಿಕ್ಕಪ್ಪ, ಇಲ್ಲಿ ಶಾಲೆ ಮೊದಲು, ಅಡಿಗೆಮನೆ ಆಮೇಲೆ” ಎಂದಳು. ಒಂದೇ ಬಗೆಯ ಎರಡು ಮನೆಗಳಿಗೆ ಬೀದಿಯ ಆಚೆ ಒಂದು ಬೆಲೆ, ಈಚೆ ಒಂದು ಬೆಲೆಯಂತೆ. ನಡುವೆ ಶಾಲಾ ಜಿಲ್ಲೆಯ ಗಡಿ ಹಾದುಹೋಗಿದೆಯಂತೆ. ಮಗುವಿನ ಓದಿಗೆ ಬೀದಿಯಲ್ಲಿ ಗಡಿಯೇಕೆಂಬುದು ನನಗೆ ಅರ್ಥವಾಗಲಿಲ್ಲ. ಅದರ ಚರಿತ್ರೆಯನ್ನು ಹುಡುಕಿಕೊಂಡು ಓದಿದೆ.

ಶಾಲಾ ಜಿಲ್ಲೆಯೆಂದರೆ ನಮ್ಮ ಕೋಲಾರ, ಧಾರವಾಡಗಳಂಥ ಜಿಲ್ಲೆಯಲ್ಲ. ಒಂದು ಸಣ್ಣ ಊರು ಅಥವಾ ನಗರದ ನಾಲ್ಕಾರು ಬಡಾವಣೆಗಳೇ ಒಂದು ಜಿಲ್ಲೆಯಾಗಿರಬಹುದು. ಅದಕ್ಕೆ ಸಾಮಾನ್ಯವಾಗಿ ಜನರಿಂದ ಚುನಾಯಿತವಾದ ಮಂಡಳಿಯುಂಟು. ತನ್ನ ಗಡಿಯೊಳಗಿನ ಮನೆ, ಅಂಗಡಿ, ಕಾರ್ಖಾನೆಗಳಿಂದ ಬರುವ ಕಂದಾಯವೂ ಉಂಟು. ಆ ಜಿಲ್ಲೆಯ ಮಕ್ಕಳಿಗೆ ಶಾಲೆ ಉಚಿತ, ಆದರೆ ಆ ಜಿಲ್ಲೆಯಲ್ಲಿ ವಾಸಕ್ಕೆ ಮನೆ ಸಿಕ್ಕಬೇಕು! ನಮ್ಮಲ್ಲಿ ಹಾಗಲ್ಲ. ಬೆಂಗಳೂರಿನ ಮನೆಕಂದಾಯದ ರಸೀತಿಯಲ್ಲಿ ಗ್ರಂಥಾಲಯದ ಕರವಿದೆ, ಭಿಕ್ಷುಕರ ಕರವೂ ಇದೆ. ಆದರೆ ಪಕ್ಕದ ಸರ್ಕಾರಿ ಶಾಲೆಯ ಉಪಾಧ್ಯಾಯರ ಸಂಬಳ ರಾಜ್ಯದ ಬೊಕ್ಕಸದ್ದು. ಬಡಾವಣೆ ಬಡವಾಯಿತೆಂದು ಅದು ಇಳಿಯುವುದಿಲ್ಲ. ಇದರಿಂದ ನಮ್ಮ ಶಾಲೆಗಳೆಲ್ಲ ಸಮವಾದವೆಂದು ನಾನು ಹೇಳುತ್ತಿಲ್ಲ. ಉಳ್ಳವರು ಆ ಶಾಲೆಗಳನ್ನೇ ಬಿಟ್ಟು ಹೋದದ್ದು ಬೇರೆಯೇ ಕಥೆ.

ಅಮೆರಿಕದ ಪದ್ಧತಿ ಹುಟ್ಟಿದ್ದು ಒಳ್ಳೆಯ ಉದ್ದೇಶದಿಂದಲೇ. 1647ರಲ್ಲಿ ಮ್ಯಾಸಚೂಸೆಟ್ಸ್ ವಸಾಹತು, ಐವತ್ತು ಮನೆಗಳಿರುವ ಪ್ರತಿ ಊರೂ ಓದುಬರಹ ಕಲಿಸುವ ಒಬ್ಬ ಉಪಾಧ್ಯಾಯನನ್ನು ಇಟ್ಟುಕೊಳ್ಳಬೇಕೆಂದು ವಿಧಿಸಿತು. 1785ರ ಕಾನೂನು ಪಶ್ಚಿಮದ ಹೊಸ ಭೂಮಿಯನ್ನು ಮೂವತ್ತಾರು ಭಾಗಗಳ ಹೋಬಳಿಗಳಾಗಿ ಅಳೆದು, ಹದಿನಾರನೆಯ ಭಾಗವನ್ನು ಶಾಲೆಗೆಂದು ಮೀಸಲಿಟ್ಟಿತು. ಭೂಮಿಯೇ ಸಂಪತ್ತಾಗಿದ್ದ, ನೆರೆಹೊರೆಯವರೆಲ್ಲ ಬೇಸಾಯಗಾರರಾಗಿದ್ದ ಕಾಲದಲ್ಲಿ ಊರಿನ ಕಂದಾಯದಿಂದ ಊರಿನ ಶಾಲೆ ಎಂಬುದು ಸಹಜವಾಗಿಯೇ ಇತ್ತು. ನಗರಗಳು ಬೆಳೆದು, ಸಿರಿವಂತರು ಒಂದು ಕಡೆಗೂ ಕೂಲಿಯವರು ಇನ್ನೊಂದು ಕಡೆಗೂ ನೆಲೆಸಿದಾಗ ಅದೇ ಗಡಿ ಗೋಡೆಯಾಯಿತು. ಎಲ್ಲರೂ ತಮ್ಮ ಇಷ್ಟದಿಂದ ಹಾಗೆ ನೆಲೆಸಿದರೆಂದಲ್ಲ. ಅನೇಕ ನಗರಗಳಲ್ಲಿ ಬಿಳಿಯರಲ್ಲದವರಿಗೆ ಮನೆ ಮಾರಕೂಡದೆಂಬ ಕರಾರು ಕ್ರಯಪತ್ರದಲ್ಲೇ ಇರುತ್ತಿತ್ತು. ನ್ಯಾಯಾಲಯಗಳು ಅದನ್ನು ಜಾರಿಮಾಡಕೂಡದೆಂದು ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ.

ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದ ಪ್ರದೇಶದಲ್ಲಿ ಅಂಥ ಏಳು ಶಾಲಾ ಜಿಲ್ಲೆಗಳಿದ್ದವು. ಅವುಗಳಲ್ಲೊಂದು ಎಜ್‌ವುಡ್, ಸುಮಾರು 22,000 ಮಕ್ಕಳು, ನೂರಕ್ಕೆ ತೊಂಬತ್ತು ಮಂದಿ ಮೆಕ್ಸಿಕೊ ಮೂಲದವರು. ಅಲ್ಲಿ ಅಂಗಡಿ ಕಾರ್ಖಾನೆಗಳು ತೀರ ಕಡಮೆ. 1968ರ ಮೇ 16ರಂದು ಎಜ್‌ವುಡ್ ಪ್ರೌಢಶಾಲೆಯ ಸುಮಾರು ನಾನೂರು ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರನಡೆದರು. ಅವರು ಕೇಳಿದ್ದು ಅರ್ಹತೆಯುಳ್ಳ ಉಪಾಧ್ಯಾಯರನ್ನು, ದುರಸ್ತಿಯಾದ ಕಟ್ಟಡವನ್ನು. ಆ ಬೇಸಗೆಯಲ್ಲೇ ಕೆಲವು ತಂದೆತಾಯಿಗಳು ಫೆಡರಲ್ ನ್ಯಾಯಾಲಯಕ್ಕೆ ಹೋದರು. ದಾವೆಗೆ ಹೆಸರಾದವರು ಡಿಮೆಟ್ರಿಯೊ ರಾಡ್ರಿಗಸ್. ವಾಯುದಳದ ನೆಲೆಯಲ್ಲಿ ತಗಡಿನ ಕೆಲಸಗಾರರು, ಹಿಂದೆ ಸೈನ್ಯದಲ್ಲಿ ದುಡಿದವರು.

ಈ ಮೊಕದ್ದಮೆಯ ಲೆಕ್ಕವನ್ನು ನಾನು ಎರಡು ಸಲ ಓದಿದೆ, ಮೊದಲ ಸಲ ನಂಬಿಕೆಯಾಗಲಿಲ್ಲ. 1967-68ರಲ್ಲಿ ಎಜ್‌ವುಡ್‌ನ ಜನ ತಮ್ಮ ಆಸ್ತಿಯ ಪ್ರತಿ ನೂರು ಡಾಲರಿಗೆ 1.05 ಡಾಲರು ಶಾಲಾಕಂದಾಯ ಕೊಡುತ್ತಿದ್ದರು. ಅದು ಆ ಪ್ರದೇಶದಲ್ಲೇ ಅತಿ ಹೆಚ್ಚಿನ ದರ. ಅದೇ ನಗರದ ಸಿರಿವಂತರ ಜಿಲ್ಲೆಯಾದ ಅಲಾಮೊ ಹೈಟ್ಸಿನಲ್ಲಿ ದರ ಕೇವಲ 85 ಸೆಂಟು. ಆದರೆ ಎಜ್‌ವುಡ್‌ನಲ್ಲಿ ಒಂದು ಮಗುವಿಗೆ 5,960 ಡಾಲರಿನ ಆಸ್ತಿ. ಅಲಾಮೊ ಹೈಟ್ಸಿನಲ್ಲಿ 49,000ಕ್ಕೂ ಮೇಲೆ. ರಾಜ್ಯದ ಯೋಜನೆಗೆ ಸಲ್ಲಬೇಕಾದ ಪಾಲು ಕಳೆದು ಎಜ್‌ವುಡ್‌ಗೆ ಉಳಿದದ್ದು ಮಗುವೊಂದಕ್ಕೆ 26 ಡಾಲರು, ಅಲಾಮೊ ಹೈಟ್ಸಿಗೆ 333. ರಾಜ್ಯ ಸರ್ಕಾರವಾದರೂ ಈ ತಗ್ಗನ್ನು ತುಂಬಿತೆ? ಬಡ ಜಿಲ್ಲೆಗೆ 222 ಡಾಲರು ಕೊಟ್ಟು, ಸಿರಿವಂತ ಜಿಲ್ಲೆಗೆ 225 ಕೊಟ್ಟಿತು! ಕೇಂದ್ರದ ಹಣವೂ ಸೇರಿ ಒಟ್ಟು 356 ಡಾಲರು ಒಂದು ಕಡೆ, 594 ಇನ್ನೊಂದು ಕಡೆ. ಹೆಚ್ಚು ದರದಲ್ಲಿ ಕಂದಾಯ ತೆತ್ತವರ ಮಕ್ಕಳಿಗೆ ಕಡಮೆ ದಕ್ಕಿತು.

1971ರ ಡಿಸೆಂಬರಿನಲ್ಲಿ ಮೂವರು ನ್ಯಾಯಾಧೀಶರ ಪೀಠ ರಾಡ್ರಿಗಸರ ಪರವಾಗಿ ತೀರ್ಪು ಕೊಟ್ಟಿತು. 1973ರ ಮಾರ್ಚ್ 21ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಐವರು ಆ ಕಡೆ, ನಾಲ್ವರು ಈ ಕಡೆ. ವಿದ್ಯಾಭ್ಯಾಸವು ಸಂವಿಧಾನ ರಕ್ಷಿಸುವ ಮೂಲಭೂತ ಹಕ್ಕುಗಳಲ್ಲಿ ಸೇರಿಲ್ಲ, ಶಾಲೆಯ ಆಡಳಿತ ಸ್ಥಳೀಯರ ಕೈಯಲ್ಲಿರುವುದು ಲೇಸು ಎಂದು ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಪೊವೆಲ್. ಅವರು ಹಿಂದೆ ರಿಚ್ಮಂಡ್ ನಗರದ ಶಾಲಾ ಮಂಡಳಿಯ ಅಧ್ಯಕ್ಷರಾಗಿದ್ದವರು. ಸ್ಥಳೀಯರ ಅಧಿಕಾರವನ್ನು ನಾನು ಹಗುರವಾಗಿ ಕಾಣುವವನಲ್ಲ. ಕಂದಾಯ ಕೊಟ್ಟವನು ಲೆಕ್ಕ ಕೇಳುವ ಊರಿನಲ್ಲಿ ಶಾಲೆಯ ಮಾಡು ಬೇಗ ದುರಸ್ತಿಯಾಗುತ್ತದೆ. ಆದರೆ ಎಜ್‌ವುಡ್‌ನವರ ಕೈಗೆ ಸಿಕ್ಕಿದ್ದು ಬರಿದಾದ ಕಣಜದ ಬೀಗದ ಕೈ. ಭಿನ್ನಮತ ಬರೆದ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಇದನ್ನು ಬಲ್ಲವರು. ಕರಿಯ ಮಕ್ಕಳಿಗೆ ಬೇರೆ ಶಾಲೆ ಕೂಡದೆಂದು 1954ರಲ್ಲಿ ಇದೇ ನ್ಯಾಯಾಲಯದ ಮುಂದೆ ವಾದಿಸಿ ಗೆದ್ದ ವಕೀಲರು ಅವರೇ.

ಅಲ್ಲಿಂದ ಮುಂದೆ ಇಂಥ ದಾವೆಗಳು ರಾಜ್ಯಗಳ ನ್ಯಾಯಾಲಯಗಳಿಗೆ ತಿರುಗಿದವು. 1984ರಲ್ಲಿ ಎಜ್‌ವುಡ್ ಮತ್ತೆ ದಾವೆ ಹೂಡಿತು, ಈ ಸಲ ಟೆಕ್ಸಾಸಿನ ಸಂವಿಧಾನವನ್ನು ಹಿಡಿದುಕೊಂಡು. ಅತಿ ಶ್ರೀಮಂತ ಜಿಲ್ಲೆಗೂ ಅತಿ ಬಡ ಜಿಲ್ಲೆಗೂ ಮಗುವೊಂದರ ಲೆಕ್ಕದಲ್ಲಿ ಆಸ್ತಿಯ ಅಂತರ ಏಳುನೂರಕ್ಕೆ ಒಂದರಂತಿದೆಯೆಂದು ಕಂಡ ಅಲ್ಲಿನ ಉಚ್ಚ ನ್ಯಾಯಾಲಯ 1989ರ ಅಕ್ಟೋಬರಿನಲ್ಲಿ ಒಮ್ಮತದಿಂದ ಆ ಪದ್ಧತಿಯನ್ನು ರದ್ದುಮಾಡಿತು. ಶಾಸನಸಭೆ ಹಲವು ಸಲ ಎಡವಿ, ಕೊನೆಗೆ 1993ರಲ್ಲಿ, ಸಿರಿವಂತ ಜಿಲ್ಲೆಗಳು ತಮ್ಮ ಹೆಚ್ಚುವರಿಯ ಪಾಲನ್ನು ಹಂಚಿಕೊಳ್ಳಬೇಕೆಂಬ ಕಾನೂನು ತಂದಿತು. ಜನರು ಅದಕ್ಕೆ ‘ರಾಬಿನ್ ಹುಡ್ ಕಾನೂನು’ ಎಂದು ಹೆಸರಿಟ್ಟರು. ಕೆಲವರು ಮೆಚ್ಚಿ, ಹಲವರು ಹಲ್ಲು ಕಡಿದು. ಅಲಾಮೊ ಹೈಟ್ಸೂ ಪಾಲು ಕೊಡಬೇಕಾಯಿತು.

1968ರಲ್ಲಿ ಯಾರ ಓದಿಗಾಗಿ ರಾಡ್ರಿಗಸ್ ನ್ಯಾಯಾಲಯದ ಮೆಟ್ಟಿಲು ಹತ್ತಿದರೋ ಆ ಮಕ್ಕಳು ಅಷ್ಟರಲ್ಲಿ ಶಾಲೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅವರು ತೀರಿಕೊಂಡದ್ದು 2013ರಲ್ಲಿ. ಎಜ್‌ವುಡ್ ಮತ್ತು ಅಲಾಮೊ ಹೈಟ್ಸ್ ಇಂದಿಗೂ ಎರಡು ಬೇರೆ ಬೇರೆ ಜಿಲ್ಲೆಗಳು.