ವಿದ್ಯಾರ್ಥಿಗಳಲ್ಲಿ ಒಣಗಣ್ಣು

ಕಣ್ಣೀರಿನ ಪದರ ಹದ ತಪ್ಪಿ ಕಣ್ಣು ಉರಿಯುವ, ಮರಳು ಬಿದ್ದಂತೆ ಚುಚ್ಚುವ, ನೋಟ ಆಗಾಗ ಮಸುಕಾಗುವ ಕಾಯಿಲೆ. ಇದು ನಡುವಯಸ್ಸು ದಾಟಿದವರದು, ಅದರಲ್ಲೂ ಮುಟ್ಟು ನಿಂತ ಹೆಂಗಸರದು ಎಂಬ ಎಣಿಕೆ ಬಹುಕಾಲ ಇತ್ತು. 2020ರಲ್ಲಿ ಕೋವಿಡ್‌ನಿಂದಾಗಿ ಪಾಠಗಳು ಪರದೆಗೆ ಸರಿದ ಮೇಲೆ ಸಂಶೋಧಕರ ಗಮನ ಕಾಲೇಜು ವಿದ್ಯಾರ್ಥಿಗಳತ್ತ ಹೆಚ್ಚಾಗಿ ಹರಿಯಿತು.

ಕಣ್ಣೀರಿನ ಪದರದ ದಪ್ಪ ಸುಮಾರು 3 ಮೈಕ್ರಾನ್ ಮಾತ್ರ. ನೀರು ಅಶ್ರುಗ್ರಂಥಿಯಿಂದ ಬರುತ್ತದೆ. ಅದು ಆವಿಯಾಗದಂತೆ ಕಾಯುವ ಎಣ್ಣೆಯನ್ನು ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳು ಒದಗಿಸುತ್ತವೆ. ಎಣ್ಣೆ ಚೆನ್ನಾಗಿ ಹೊರಬಂದು ಹರಡಲು ರೆಪ್ಪೆ ಪೂರ್ತಿ ಮುಚ್ಚಬೇಕು. ಸಾಮಾನ್ಯವಾಗಿ ನಿಮಿಷಕ್ಕೆ 15–20 ಸಲ ಬಡಿಯುವ ರೆಪ್ಪೆ ಪರದೆಯ ಮುಂದೆ 5–7ಕ್ಕೆ ಇಳಿಯಬಹುದು, ಎಷ್ಟೋ ಸಲ ಅರ್ಧಕ್ಕೇ ಮರಳುತ್ತದೆ. ಮನಸ್ಸಿಟ್ಟು ಪುಸ್ತಕ ಓದುವಾಗಲೂ ಬಡಿತ ತಗ್ಗುವುದರಿಂದ ದೂರೆಲ್ಲವನ್ನೂ ಮೊಬೈಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಪುಸ್ತಕಕ್ಕೆ ಕಣ್ಣು ಕೆಳಗಿಳಿದು ಅರೆಮುಚ್ಚಿರುತ್ತದೆ. ಎದುರಿಗಿಟ್ಟ ಕಂಪ್ಯೂಟರಿಗೆ ಅಗಲವಾಗಿ ತೆರೆದು ಹೆಚ್ಚು ಒಣಗುತ್ತದೆ. ಕಾಂಟ್ಯಾಕ್ಟ್ ಲೆನ್ಸ್, ಹವಾನಿಯಂತ್ರಿತ ಕೊಠಡಿ, ನಿದ್ದೆಗೇಡು ಜೊತೆಗೂಡುತ್ತವೆ. ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ ಈ ಎಣ್ಣೆಗ್ರಂಥಿಗಳನ್ನೇ ಕುಗ್ಗಿಸಬಲ್ಲದು. ಅಲರ್ಜಿಯ ಕೆಲವು ಮಾತ್ರೆಗಳೂ ಕಣ್ಣನ್ನು ಒಣಗಿಸುತ್ತವೆ.

ವಿದ್ಯಾರ್ಥಿಗಳ ಸಮೀಕ್ಷೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 12 ಪ್ರಶ್ನೆಗಳ ‘ಒಎಸ್‌ಡಿಐ’ ಪಟ್ಟಿ. ನೂರಕ್ಕೆ 12ಕ್ಕಿಂತ ಹೆಚ್ಚು ಅಂಕ ಬಂದರೆ ಒಣಗಣ್ಣಿನ ಶಂಕೆ. ಅಗ್ಗದ, ಸುಲಭದ ವಿಧಾನವೇನೋ ಹೌದು; ಆದರೆ ಅಲರ್ಜಿ, ದಣಿವು, ಬದಲಿಸದ ಹಳೆಯ ಕನ್ನಡಕ ಕೂಡ ಅಂಥದೇ ಉತ್ತರ ಬರೆಸುತ್ತವೆ. ಹಾಗಾಗಿ ಬರಿಯ ಪ್ರಶ್ನಾವಳಿಯಿಂದ ಹೊರಟ ದೊಡ್ಡ ಶೇಕಡಾವಾರುಗಳನ್ನು ರೋಗಿಗಳ ಲೆಕ್ಕವೆಂದು ಓದಬಾರದು. ಜರ್ಮನಿಯ ಒಟ್ಟೊ ಶಿರ್ಮರ್ 1903ರಲ್ಲಿ ರೂಪಿಸಿದ ಪರೀಕ್ಷೆಯಲ್ಲಿ ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷದಲ್ಲಿ ಎಷ್ಟು ನೆನೆಯಿತೆಂದು ಅಳೆಯುತ್ತಾರೆ. ಎಳೆಯರಲ್ಲಿ ಇದು ಸರಿಯಾಗಿಯೇ ಇರುವುದುಂಟು: ನೀರು ಬರುತ್ತದೆ, ನಿಲ್ಲುವುದಿಲ್ಲ. ಅಂಥವರಿಗೆ ಫ್ಲೋರೆಸಿನ್ ಬಣ್ಣ ಹಾಕಿ ಪದರ ಒಡೆಯುವ ಹೊತ್ತನ್ನು ಎಣಿಸಬೇಕು. 10 ಸೆಕೆಂಡಿಗಿಂತ ಕಡಿಮೆಯಾದರೆ ದೋಷ. ಬಾಯಿಯೂ ಒಣಗಿ ಕೀಲು ನೋಯುತ್ತಿದ್ದರೆ ಶೋಗ್ರೆನ್ ಕಾಯಿಲೆಯ ತಪಾಸಣೆ ಅಗತ್ಯ.

ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗಿಡುವುದು, ನಡುನಡುವೆ ರೆಪ್ಪೆಯನ್ನು ಪೂರ್ತಿ ಮುಚ್ಚಿ ತೆರೆಯುವುದು, ಬಿಸಿಬಟ್ಟೆಯ ಶಾಖ, ಕೃತಕ ಕಣ್ಣೀರು ಮೊದಲ ಉಪಾಯಗಳು. ದಿನಕ್ಕೆ ಹಲವು ಸಲ ಹನಿ ಹಾಕುವವರಿಗೆ ಸಂರಕ್ಷಕವಿಲ್ಲದ್ದೇ ಲೇಸು, ಏಕೆಂದರೆ ಸಂರಕ್ಷಕವಾಗಿ ಬಳಸುವ ಬೆಂಜಾಲ್ಕೋನಿಯಂ ಕ್ಲೋರೈಡ್ ಕಣ್ಣಿನ ಮೇಲ್ಮೈಯನ್ನು ಕೆರಳಿಸುತ್ತದೆ. ಕೆಂಪು ಮಾಯಿಸುವ ಹನಿಗಳಿಂದ ಒಣಗಣ್ಣಿಗೆ ಉಪಯೋಗವಿಲ್ಲ. ಹೆಸರುವಾಸಿಯಾದ ಒಮೆಗಾ-3 ಮಾತ್ರೆಗಳನ್ನು ಅಮೆರಿಕದ ‘ಡ್ರೀಮ್’ ಪ್ರಯೋಗ ಒಂದು ವರ್ಷ ಪರೀಕ್ಷಿಸಿತು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಅವು ಆಲಿವ್ ಎಣ್ಣೆಗಿಂತ ಮೇಲೆನಿಸಲಿಲ್ಲ.